ಬೋಟಿನಿಂದ ಬೋಟಿಗೆ ಮಾತು: ವೈರ್‌ಲೆಸ್ ಕುರಿತು ಓದುಗರ ಪ್ರಶ್ನೆಗಳು

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಎಂಜಿನ್ ಬಿಚ್ಚುವುದು, ಬಣ್ಣ ಹೊಡೆಯುವುದು, ಬಲೆ ರಿಪೇರಿ ಇವುಗಳ ಜೊತೆ ವೈರ್‌ಲೆಸ್ ಕೆಲಸವೂ ಈ ಎರಡು ತಿಂಗಳಲ್ಲೇ ಮುಗಿಯಬೇಕು. ಕಾರವಾರದಿಂದ ಭಟ್ಕಳದವರೆಗಿನ ಓದುಗರು ಈ ಬಗ್ಗೆ ಕೇಳಿದ ಕೆಲವು ಪ್ರಶ್ನೆಗಳು, ಅವಕ್ಕೆ ಉತ್ತರ ಇಲ್ಲಿವೆ.

ಪ್ರಶ್ನೆ: ನಮ್ಮದು ಎರಡು ಪರ್ಸೀನ್ (ಮೀನಿನ ಹಿಂಡನ್ನು ಬಲೆಯಿಂದ ಸುತ್ತುವ) ಬೋಟು, ಜೊತೆಗೆ ಬಲೆಯ ತುದಿ ಹಿಡಿದು ನಿಲ್ಲುವ ಸಣ್ಣ ದೋಣಿ. 25 ವಾಟಿನ ಸೆಟ್ ಕೂರಿಸಬೇಕೋ, 5 ವಾಟಿನ ಕೈ ಸೆಟ್ ಸಾಕೋ? ಅಂಗಡಿಯವರು ಕೈ ಸೆಟ್ಟೇ 30 ಕಿಲೋಮೀಟರ್ ಹೋಗುತ್ತದೆ ಅನ್ನುತ್ತಾರೆ. (ಬೈತಖೋಲ, ಕಾರವಾರ)

ಉತ್ತರ: ಆ 30 ಕಿಲೋಮೀಟರ್ ಯಾವುದೋ ಗುಡ್ಡದ ನೆತ್ತಿಯಿಂದ ಅಳೆದದ್ದಿರಬೇಕು. ಈ ಸೆಟ್‌ಗಳು ಬಳಸುವ ವಿಎಚ್‌ಎಫ್ ಎಂಬ ರೇಡಿಯೊ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ, ಭೂಮಿಯ ಬಾಗು ಅಡ್ಡ ಬಂದಲ್ಲಿ ಮುಗಿಯುತ್ತದೆ. ಹಾಗಾಗಿ ಮೊದಲು ಕೇಳಬೇಕಾದದ್ದು ಎಷ್ಟು ವಾಟ್ ಎಂದಲ್ಲ. ಆಂಟೆನಾ ನೀರಿನಿಂದ ಎಷ್ಟು ಮೇಲಿದೆ ಎಂದು.

ಲೆಕ್ಕ ಸುಲಭ. ಎರಡೂ ಬೋಟಿನ ಆಂಟೆನಾ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಳ್ಳಿ, ಒಂದೊಂದರ ವರ್ಗಮೂಲ ಹುಡುಕಿ, ಎರಡನ್ನೂ ಕೂಡಿಸಿ 4.12ರಿಂದ ಗುಣಿಸಿ. ಬಂದದ್ದು ಕಿಲೋಮೀಟರ್. ಡೆಕ್ಕಿನ ಮೇಲೆ ನಿಂತವನ ಕೈಯಲ್ಲಿರುವ ಸೆಟ್ ನೀರಿನಿಂದ ಸುಮಾರು ಎರಡೂವರೆ ಮೀಟರ್ ಮೇಲಿರುತ್ತದೆ. ಅಂಥ ಎರಡು ಸೆಟ್‌ಗಳ ನಡುವೆ ಹೆಚ್ಚೆಂದರೆ 13 ಕಿಲೋಮೀಟರ್. ಮೈ ಅಡ್ಡ ಬಂದು, ಸೆಟ್ ಓರೆಯಾಗಿ, ತೆರೆಯ ತಗ್ಗಿಗೆ ದೋಣಿ ಇಳಿದು ಕೈಗೆ ಸಿಗುವುದು ಅದರ ಅರ್ಧ ಎಂದೇ ಇಟ್ಟುಕೊಳ್ಳಿ. ಕ್ಯಾಬಿನ್ ಮೇಲಿನ ಕಂಬದಲ್ಲಿ 7 ಮೀಟರ್ ಎತ್ತರಕ್ಕೆ ಆಂಟೆನಾ ಇರುವ ಎರಡು ಬೋಟುಗಳ ನಡುವೆ ಸುಮಾರು 22 ಕಿಲೋಮೀಟರ್, ಅಂದರೆ 12 ನಾಟಿಕಲ್ ಮೈಲಿಗೆ ಹತ್ತಿರ. ಅದೇ ಆಂಟೆನಾವನ್ನು 4 ಮೀಟರಿನಲ್ಲೇ ಬಿಟ್ಟರೆ 16 ಕಿಲೋಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಮೂರು ಮೀಟರ್ ಪೈಪಿನಿಂದ ಐದು ಕಿಲೋಮೀಟರ್ ಸಿಗುತ್ತದೆ. ಬರೀ ವಾಟ್ ಹೆಚ್ಚಿಸಿದರೆ ಈ ಗಡಿ ಸರಿಯುವುದಿಲ್ಲ. ಗಡಿಯ ಒಳಗೆ ದನಿ ಸ್ಪಷ್ಟವಾಗುತ್ತದೆ, ಅಷ್ಟೆ.

ಆದ್ದರಿಂದ ಎರಡೂ ಬೋಟಿಗೆ 25 ವಾಟಿನ ಕೂರಿಸುವ ಸೆಟ್ ಹಾಕಿ, ದೋಣಿಗೆ ನೀರು ತಡೆಯುವ 5 ವಾಟಿನ ಕೈ ಸೆಟ್ ಕೊಡಿ. ಬಲೆ ಸುತ್ತುವಾಗ ದೋಣಿ ಬೋಟಿನ ಮಗ್ಗುಲಲ್ಲೇ ಇರುವುದರಿಂದ ಎರಡೂ ಕಡೆ 1 ವಾಟಿನಲ್ಲಿ ಮಾತಾಡಿ. ಬ್ಯಾಟರಿಯೂ ಉಳಿಯುತ್ತದೆ, ಹತ್ತು ಮೈಲಿ ಆಚೆಯವರ ಕಿವಿಗೂ ನೀವು ಬೀಳುವುದಿಲ್ಲ.

ಕಾರವಾರದವರಿಗೆ ಇನ್ನೊಂದು ಮಾತು. ಇಲ್ಲಿ ಗುಡ್ಡ ಸಮುದ್ರದ ಬಾಯಿಗೇ ಬಂದು ನಿಂತಿದೆ. ಸದಾಶಿವಗಡದ ಮರೆ, ಅಂಜುದ್ವೀಪದ ಮರೆ, ಕುರುಮಗಡದ ಹಿಂಬದಿ, ಇಂಥಲ್ಲಿ ನಾಲ್ಕೇ ಕಿಲೋಮೀಟರ್ ದೂರದ ಬೋಟೂ ಕೇಳದೆ ಹೋಗಬಹುದು. ಅದು ಸೆಟ್ಟಿನ ದೋಷವಲ್ಲ. ಮರೆಯಿಂದ ಈಚೆ ಬಂದು ಮತ್ತೆ ಕರೆಯಿರಿ.

ಪ್ರಶ್ನೆ: ಹೊಸ ಸೆಟ್ ಹಾಕಿಸಿದರೂ ಹಳೆಯದಕ್ಕಿಂತ ದೂರ ಹೋಗುತ್ತಿಲ್ಲ. ಆಂಟೆನಾ, ಕೇಬಲ್ ಹಳೆಯವೇ ಇವೆ. ಏನು ನೋಡಬೇಕು? (ತದಡಿ)

ಉತ್ತರ: ನೀವೇ ಉತ್ತರ ಬರೆದಿದ್ದೀರಿ. ಬಹುತೇಕ ಬೋಟುಗಳಲ್ಲಿ ರೋಗ ಇರುವುದು ಕೇಬಲ್ಲಿನಲ್ಲಿ, ಖರ್ಚಾಗುವುದು ಸೆಟ್ಟಿಗೆ.

ಮೊದಲು ಕೇಬಲ್ ಹೊದಿಕೆಯ ಮೇಲಿನ ಬರಹ ಓದಿ. ಆರ್‌ಜಿ-58 ಎಂದಿದ್ದರೆ ಅದು ಪೆನ್ಸಿಲಿಗಿಂತ ಸಣ್ಣ, 5 ಮಿಲಿಮೀಟರ್ ದಪ್ಪದ ಕೇಬಲ್. 10 ಮೀಟರ್ ಎಳೆದರೆ ಸೆಟ್ ಕೊಟ್ಟ 25 ವಾಟಿನಲ್ಲಿ ಆಂಟೆನಾ ತಲುಪುವುದು ಸುಮಾರು 16. ಬೆರಳು ಗಾತ್ರದ ಆರ್‌ಜಿ-213 ಹಾಕಿದರೆ ಅಷ್ಟೇ ಉದ್ದಕ್ಕೆ 20 ವಾಟ್ ತಲುಪುತ್ತದೆ. ಕೇಳುವಾಗಲೂ ಇದೇ ನಷ್ಟ ಎನ್ನುವುದನ್ನು ಜನ ಮರೆಯುತ್ತಾರೆ. ನಾಲ್ಕೈದು ಮೀಟರಿಗೆ ಆರ್‌ಜಿ-58 ನಡೆಯುತ್ತದೆ, ಅದಕ್ಕಿಂತ ಉದ್ದಕ್ಕೆ ಬೇಡ. ಉಳಿದ ಕೇಬಲ್ಲನ್ನು ಸುರುಳಿ ಸುತ್ತಿ ಕ್ಯಾಬಿನ್ ಮೂಲೆಗೆ ತುರುಕುವುದೂ ಬೇಡ, ಬೇಕಾದಷ್ಟಕ್ಕೇ ಕತ್ತರಿಸಿ.

ಇನ್ನು ಆಂಟೆನಾ ಕಡೆಯ ಪಿಎಲ್-259 ಕನೆಕ್ಟರ್ ಬಿಚ್ಚಿ. ಕೇಬಲ್ಲಿನ ಹೊರಹೆಣಿಗೆ ಕಪ್ಪಾಗಿದೆಯೇ, ಹಸಿರು ಹಿಡಿದಿದೆಯೇ? ಹಾಗಿದ್ದರೆ ಒಳಗೆ ಉಪ್ಪುನೀರು ಇಳಿದಿದೆ. ತಾಮ್ರ ಕೆಂಪಗೆ ಹೊಳೆಯುವಲ್ಲಿಯವರೆಗೆ ಕತ್ತರಿಸುತ್ತಾ ಹೋಗಿ. ಒಂದು ಮೀಟರ್ ಕತ್ತರಿಸಿದರೂ ಕಪ್ಪೇ ಇದ್ದರೆ ಇಡೀ ಕೇಬಲ್ ಬದಲಿಸಿ. ಹೊಸ ಕನೆಕ್ಟರಿಗೆ ನಡುತಂತಿಯ ಜೊತೆ ಹೆಣಿಗೆಯನ್ನೂ ಬೆಸುಗೆ ಹಾಕಿಸಬೇಕು. ಬರೀ ತಿರುಚಿ ಕೂರಿಸಿದ್ದು ಒಂದು ಮಳೆಗಾಲ ತಡೆಯದು. ಮೇಲೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಅದರ ಮೇಲೆ ಸಾದಾ ಟೇಪು. ಕೇಬಲ್ ಕ್ಯಾಬಿನ್ ಒಳಗೆ ಬರುವ ಮೊದಲು ಕೆಳಗೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಮಲ್ಟಿಮೀಟರ್ ಇಟ್ಟು ಆಂಟೆನಾ ಶಾರ್ಟ್ ಇದೆ ಎಂದು ಎಸೆದವರೂ ಇದ್ದಾರೆ. ಬಹಳಷ್ಟು ಮೆರೈನ್ ಆಂಟೆನಾಗಳು ಒಳಗಿನ ಸುರುಳಿಯಿಂದಾಗಿ ಮೀಟರಿಗೆ ಶಾರ್ಟ್ ಎಂದೇ ತೋರಿಸುತ್ತವೆ. ತೀರ್ಪು ಕೊಡಬೇಕಾದದ್ದು ಆಂಟೆನಾದಿಂದ ಎಷ್ಟು ಬಲ ಹಿಂದಕ್ಕೆ ಬರುತ್ತಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್: 1.5ರ ಒಳಗಿದ್ದರೆ ಒಳ್ಳೆಯದು, 2ರವರೆಗೆ ಸಹಿಸಬಹುದು, 3 ದಾಟಿದರೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಬೇಡಿ. ಆಂಟೆನಾ ಕಳಚಿಟ್ಟು ಒತ್ತುವುದಂತೂ ಕೂಡದು, ಕೊನೆಯ ಹಂತದ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

ಜೀಪಿನ ಆಂಟೆನಾ ತಂದು ಕಟ್ಟಿದ್ದರೆ ಅದನ್ನೂ ತೆಗೆಯಿರಿ. ಕಾಲು ತರಂಗದ ಆ ಕಡ್ಡಿ, ಸುಮಾರು 48 ಸೆಂಟಿಮೀಟರಿನದು, ಕೆಳಗೆ ಲೋಹದ ಮೈ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಮರದ ಬೋಟು, ಫೈಬರ್ ಬೋಟಿಗೆ ಅರ್ಧ ತರಂಗದ ಮೆರೈನ್ ಆಂಟೆನಾವೇ ಬೇಕು. ಗೇನ್ (ಬಲವನ್ನು ಅಡ್ಡಕ್ಕೆ ಕೂಡಿಸಿ ಕಳಿಸುವ ಅಳತೆ) 3 ಡಿಬಿ ಸಾಕು. 6 ಡಿಬಿಯ ಎರಡೂವರೆ ಮೀಟರ್ ಕೋಲು ಕಾಗದದ ಮೇಲೆ ಚೆಂದ. ಆದರೆ ಅದರ ಬಲ ತೆಳುವಾದ ತಟ್ಟೆಯ ಹಾಗೆ ಹರಡುವುದರಿಂದ, ಬೋಟು ಹೊಯ್ದಾಡಿದಾಗ ಒಮ್ಮೆ ಆಕಾಶಕ್ಕೂ ಒಮ್ಮೆ ನೀರಿಗೂ ಹೋಗಿ ಮಾತು ತುಂಡು ತುಂಡಾಗುತ್ತದೆ.

ಪ್ರಶ್ನೆ: ಮಾತು ಚೆನ್ನಾಗಿ ಕೇಳುತ್ತದೆ. ಆದರೆ ಪಿಟಿಟಿ ಒತ್ತಿದ ಕೂಡಲೇ ಸೆಟ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಮೆಕ್ಯಾನಿಕ್ ಸೆಟ್ ಹೋಗಿದೆ ಅನ್ನುತ್ತಾರೆ. (ಮಾವಿನಕುರ್ವೆ, ಭಟ್ಕಳ)

ಉತ್ತರ: ಹೊಸದು ಕೊಳ್ಳುವ ಮೊದಲು ತಂತಿ ನೋಡಿ. ಕೇಳುವಾಗ ಸೆಟ್ಟಿಗೆ ಅರ್ಧ ಆಂಪಿಯರ್ ಸಾಕು, 25 ವಾಟಿನಲ್ಲಿ ಮಾತಾಡುವಾಗ 5ರಿಂದ 6 ಆಂಪಿಯರ್ ಬೇಕು. ಬ್ಯಾಟರಿಯಿಂದ ಕ್ಯಾಬಿನ್‌ಗೆ 10 ಮೀಟರ್ ದೂರ ಎಂದರೆ ಹೋಗಿ ಬರುವ ತಂತಿ 20 ಮೀಟರ್. ಎರಡೂವರೆ ಚದರ ಮಿಲಿಮೀಟರ್ ತಂತಿಯಲ್ಲಿ 6 ಆಂಪಿಯರಿಗೆ ಹೆಚ್ಚುಕಡಿಮೆ 0.9 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಬ್ಯಾಟರಿ 12.4 ಇದ್ದರೆ ಸೆಟ್ಟಿಗೆ 11.5 ಸಿಗುತ್ತದೆ. 13.8 ವೋಲ್ಟಿನ ಸೆಟ್‌ಗಳು ಸಾಮಾನ್ಯವಾಗಿ 11.7ರ ಕೆಳಗೆ ಸರಿಯಾಗಿ ನಡೆಯುವುದಿಲ್ಲ. 6 ಚದರ ಮಿಲಿಮೀಟರ್ ತಂತಿ ಎಳೆದರೆ ನಷ್ಟ 0.4ರ ಒಳಗೆ ಬರುತ್ತದೆ.

ಪರೀಕ್ಷೆ ಹೀಗೆ ಮಾಡಿ. ಎಂಜಿನ್ ನಿಲ್ಲಿಸಿ ಮೀಟರಿನ ಮೊನೆಗಳನ್ನು ಸೆಟ್ಟಿನ ಹಿಂದಿನ ಪ್ಲಗ್ಗಿಗೆ ಇಡಿ. ಅಪಾಯದ ಕರೆಗೆಂದಿರುವ 16ನೇ ಚಾನೆಲ್ ಬಿಟ್ಟು ಖಾಲಿ ಇರುವ ಬೇರೆ ಚಾನೆಲಿನಲ್ಲಿ ಎರಡು ಸೆಕೆಂಡ್ ಒತ್ತಿ. ವೋಲ್ಟೇಜ್ ಧೊಪ್ಪನೆ ಬಿದ್ದರೆ ಮೀಟರನ್ನು ಬ್ಯಾಟರಿ ಕಡ್ಡಿಗೆ ಇಟ್ಟು ಮತ್ತೆ ಒತ್ತಿ. ಅಲ್ಲಿ ಬೀಳದಿದ್ದರೆ ದೋಷ ನಡುವೆ ಇದೆ: ತುಕ್ಕು ಹಿಡಿದ ಲಗ್, ಸಡಿಲವಾದ ಫ್ಯೂಸ್ ಹಿಡಿಕೆ ಅಥವಾ ಸಪೂರ ತಂತಿ. ಅಲ್ಲೂ ಬಿದ್ದರೆ ಬ್ಯಾಟರಿಯೇ ಮುದಿಯಾಗಿದೆ. ಸೆಟ್ಟಿನ ಪ್ಲಸ್ ತಂತಿಯನ್ನು ನೇರ ಬ್ಯಾಟರಿಯಿಂದ ತನ್ನಿ, ಬ್ಯಾಟರಿಯ ಹತ್ತಿರವೇ 10 ಆಂಪಿಯರ್ ಫ್ಯೂಸ್ ಇರಲಿ. ಬಿಲ್ಜ್ ಪಂಪು, ಡೆಕ್ ದೀಪಗಳ ಸಾಲಿನಿಂದ ಕವಲು ತೆಗೆಯಬೇಡಿ.

ನಿಮ್ಮದು 24 ವೋಲ್ಟಿನ ಬೋಟಾದರೆ ಇನ್ನೊಂದು ತಪ್ಪು ನಡೆದಿರಬಹುದು. ಎರಡು ಬ್ಯಾಟರಿಯಲ್ಲಿ ಒಂದರಿಂದ 12 ವೋಲ್ಟ್ ಎಳೆಯುವುದು ತುಂಬ ಕಡೆ ಇದೆ. ಆ ಬ್ಯಾಟರಿ ಯಾವತ್ತೂ ಅರೆಹೊಟ್ಟೆಯಲ್ಲಿ ಉಳಿಯುತ್ತದೆ, ಇನ್ನೊಂದಕ್ಕೆ ಅತಿಯಾಗಿ ಚಾರ್ಜ್ ಆಗುತ್ತದೆ, ಒಂದೆರಡು ಸೀಸನ್ನಿಗೆ ಎರಡೂ ಮೂಲೆಗೆ. 24ರಿಂದ 13.8ಕ್ಕೆ ಇಳಿಸುವ, ಕನಿಷ್ಠ 10 ಆಂಪಿಯರಿನ ಕನ್ವರ್ಟರ್ ಹಾಕಿ. ಅಗ್ಗದ ಕನ್ವರ್ಟರ್ ಮತ್ತು ಎಲ್‌ಇಡಿ ದೀಪದ ಡ್ರೈವರ್‌ಗಳು ವಿಎಚ್‌ಎಫ್‌ನಲ್ಲಿ ಗೊರಗೊರ ಎಬ್ಬಿಸುತ್ತವೆ. ದೂರದ ಬೋಟೊಂದು ಕಷ್ಟಪಟ್ಟು ಕೇಳುತ್ತಿರುವಾಗ ದೀಪಗಳನ್ನು ಒಂದೊಂದಾಗಿ ಆರಿಸಿ ನೋಡಿ. ಯಾವುದು ಆರಿದಾಗ ದನಿ ತಿಳಿಯಾಯಿತೋ ಕಳ್ಳ ಅದೇ.

ಪ್ರಶ್ನೆ: ನಾವು ಮೂರು ಬೋಟಿನವರು 24ನೇ ಚಾನೆಲ್ ಗೊತ್ತುಮಾಡಿಕೊಂಡೆವು. ಪಕ್ಕದಲ್ಲೇ ನಿಂತರೂ ಒಬ್ಬರದು ಒಬ್ಬರಿಗೆ ಕೇಳದು. 16ರಲ್ಲಿ ಸರಿ ಇದೆ. (ಬೇಲೆಕೇರಿ)

ಉತ್ತರ: 24 ಎರಡು ತರಂಗಾಂತರದ ಚಾನೆಲ್. ಬೋಟಿನ ಸೆಟ್ 157.200 ಮೆಗಾಹರ್ಟ್ಸ್‌ನಲ್ಲಿ ಕಳಿಸುತ್ತದೆ, 161.800ರಲ್ಲಿ ಕೇಳುತ್ತದೆ. ದಡದ ನಿಲ್ದಾಣದೊಡನೆ ಮಾತಾಡಲೆಂದು ಮಾಡಿದ್ದು ಅದು. ಮೂವರೂ ಒಂದರಲ್ಲಿ ಮಾತಾಡಿ ಇನ್ನೊಂದರಲ್ಲಿ ಕಿವಿಗೊಟ್ಟರೆ ಯಾರಿಗೆ ಕೇಳಬೇಕು? ಬೋಟಿನಿಂದ ಬೋಟಿಗೆ 8, 72, 77 ಇವುಗಳಲ್ಲಿ ಒಂದನ್ನು ಆರಿಸಿ. 6ನ್ನು ಹುಡುಕಾಟ, ರಕ್ಷಣೆಯ ಕೆಲಸಕ್ಕೆ ಬಿಡಿ. 70 ಡಿಜಿಟಲ್ ಕರೆಗೆ ಮೀಸಲು, ಅಲ್ಲಿ ಮಾತಾಡುವಂತಿಲ್ಲ. 16 ಕರೆಯಲು ಮತ್ತು ಅಪಾಯಕ್ಕೆ: ಕರೆದು, ಬೇರೆ ಚಾನೆಲಿಗೆ ಬನ್ನಿ ಎಂದು ಹೇಳಿ ಬಿಡಬೇಕು. ಸೆಟ್ಟಿನ ಮೆನುವಿನಲ್ಲಿ ಇಂಟರ್‌ನ್ಯಾಷನಲ್, ಯುಎಸ್‌ಎ, ಕೆನಡಾ ಎಂದು ಮೂರು ಪಟ್ಟಿ ಇರುತ್ತದೆ. ನಿಮ್ಮದು ಇಂಟರ್‌ನ್ಯಾಷನಲ್‌ನಲ್ಲೇ ಇರಲಿ.

ಪ್ರಶ್ನೆ: ಬಂಗಡೆ ಹಿಂಡು ಸಿಕ್ಕ ಜಾಗ ಹೇಳಿದ ಅರ್ಧ ಗಂಟೆಯಲ್ಲಿ ಹತ್ತು ಬೋಟು ಬಂದು ಸುತ್ತುತ್ತವೆ. ಬೇರೆಯವರಿಗೆ ಕೇಳದ ಹಾಗೆ ಮಾತಾಡುವ ಸೆಟ್ ಇದೆಯೇ? ಪ್ರೈವಸಿ ಕೋಡ್ ಇರುವ ಸೆಟ್ ತೋರಿಸುತ್ತಿದ್ದಾರೆ. (ಕಾಸರಕೋಡ, ಹೊನ್ನಾವರ)

ಉತ್ತರ: ಆ ಕೋಡ್ ನಿಮ್ಮ ಕಿವಿಯನ್ನು ಮುಚ್ಚುತ್ತದೆಯೇ ಹೊರತು ಇತರರದ್ದನ್ನಲ್ಲ. ನಿಮ್ಮ ಗುಂಪಿನವರಲ್ಲದವರ ಮಾತು ನಿಮಗೆ ಕೇಳುವುದಿಲ್ಲ, ನಿಮ್ಮ ಮಾತು ಮಾತ್ರ ಊರಿಗೆಲ್ಲ ಕೇಳುತ್ತದೆ. ದನಿ ಕಲಸುವ ಸ್ಕ್ರಾಂಬ್ಲರ್ ಕೂರಿಸುವ ಯೋಚನೆ ಬಿಡಿ. ಕಾರವಾರದ ನೌಕಾನೆಲೆಯ ಮಗ್ಗುಲಲ್ಲಿ ಅರ್ಥವಾಗದ ಸಿಗ್ನಲ್ ಬಿಡುವುದು ತೊಂದರೆಯನ್ನು ಕೈಯಾರೆ ಕರೆದ ಹಾಗೆ.

ಖರ್ಚಿಲ್ಲದ ದಾರಿ ಒಂದಿದೆ. ಹೊರಡುವ ಮುನ್ನ ಬಂದರಿನಲ್ಲೇ ಜೊತೆ ಬೋಟುಗಳ ಜಿಪಿಎಸ್‌ನಲ್ಲಿ ಮೂರು ಗುರುತು ಒಂದೇ ಸಂಖ್ಯೆಯಲ್ಲಿ ಉಳಿಸಿಕೊಳ್ಳಿ. ಕಡಲಿನಲ್ಲಿ ಅಕ್ಷಾಂಶ ರೇಖಾಂಶ ಹೇಳುವ ಬದಲು “ಎರಡರಿಂದ ಪಶ್ಚಿಮ 4, ದಕ್ಷಿಣ 1” ಎಂದಷ್ಟೇ ಹೇಳಿ, ಅಂದರೆ ಎರಡನೇ ಗುರುತಿನಿಂದ ಅಷ್ಟು ಮೈಲಿ. ಪ್ರತಿ ಟ್ರಿಪ್ಪಿಗೆ ಗುರುತು ಬದಲಿಸಿ. ಹತ್ತಿರವಿದ್ದಾಗ 1 ವಾಟಿಗೆ ಇಳಿಸಿ. ಅಪಾಯದ ಕರೆಯಲ್ಲಿ ಮಾತ್ರ ಈ ಗುಟ್ಟಿನ ಲೆಕ್ಕ ಬಾಯಿಗೆ ಬರಕೂಡದು.

ಪ್ರಶ್ನೆ: ಆನ್‌ಲೈನಿನಲ್ಲಿ ಜೋಡಿ ವಾಕಿಟಾಕಿ ತುಂಬ ಅಗ್ಗ. 136ರಿಂದ 174 ಮೆಗಾಹರ್ಟ್ಸ್ ಎಲ್ಲ ಹಿಡಿಯುತ್ತದಂತೆ. ಬೋಟಿಗೆ ಬಳಸಬಹುದೇ? ಲೈಸೆನ್ಸ್ ಬೇಕೇ? (ಮುದಗಾ)

ಉತ್ತರ: ಬೇಡ. ಅದು 156.800ಕ್ಕೆ ಬರುತ್ತದೆ ನಿಜ, 16ನೇ ಚಾನೆಲಿನವರು ಕೇಳಿಯೂ ಕೇಳುತ್ತಾರೆ. ಆದರೆ 16ಕ್ಕೆ ಒಂದೇ ಒತ್ತಿಗೆ ಹಾರುವ ಗುಂಡಿ ಇಲ್ಲ, ನೀರು ತಡೆಯುವುದಿಲ್ಲ, ಒದ್ದೆ ಕೈ ತಗುಲಿ ತರಂಗಾಂತರ ಸರಿದರೆ ಪೊಲೀಸರ ಚಾನೆಲ್ಲೋ ಇನ್ನಾರದ್ದೋ ಮೇಲೆ ಮಾತಾಡುತ್ತಿರುತ್ತೀರಿ. ಅಂಥ ಸೆಟ್ಟುಗಳಲ್ಲಿ ನ್ಯಾರೋ (ಕಿರಿದಾದ ಪಟ್ಟಿ) ಎಂಬ ಆಯ್ಕೆ ಹಾಕಿದ್ದರೆ ಮೆರೈನ್ ಸೆಟ್‌ನವರಿಗೆ ನಿಮ್ಮ ದನಿ ಬಾವಿಯೊಳಗಿಂದ ಬಂದಂತೆ ಕ್ಷೀಣವಾಗಿರುತ್ತದೆ.

ಲೈಸೆನ್ಸ್ ಬೇಕು. ಮೆರೈನ್ ವಿಎಚ್‌ಎಫ್ ಸೆಟ್ಟಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮತಿ ಪಡೆಯಬೇಕು. ಅರ್ಜಿ ಸರಳ್ ಸಂಚಾರ್ ಪೋರ್ಟಲ್ಲಿನಲ್ಲಿ. ಅನುಮತಿ ಇಲ್ಲದೆ ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ. ಕೊಳ್ಳುವಾಗಲೇ ಆ ಮಾದರಿಗೆ ಭಾರತದ ಟೈಪ್ ಅಪ್ರೂವಲ್ ಇದೆಯೇ ಕೇಳಿ, ಬಿಲ್ಲಿನಲ್ಲಿ ಮಾದರಿ ಮತ್ತು ಸೀರಿಯಲ್ ನಂಬರ್ ಬರೆಸಿ. ಡಿಎಸ್‌ಸಿ (ಡಿಜಿಟಲ್ ಕರೆ) ಇರುವ ಸೆಟ್ಟಾದರೆ ಬೋಟಿನ ಗುರುತಾದ ಒಂಬತ್ತಂಕಿಯ ಎಂಎಂಎಸ್‌ಐ ಸಂಖ್ಯೆಯೂ ಬೇಕು, ಭಾರತದ್ದು 419ರಿಂದ ಶುರುವಾಗುತ್ತದೆ. ಸೆಟ್ಟಿಗೆ ಅದನ್ನು ಒಂದೆರಡು ಬಾರಿ ಮಾತ್ರ ತುಂಬಲು ಬಿಡುತ್ತಾರೆ. ತಪ್ಪಿದರೆ ಡೀಲರ್ ಬಳಿಗೇ ಹೊತ್ತೊಯ್ಯಬೇಕು, ಆದ್ದರಿಂದ ಇಬ್ಬರು ಕೂತು ಓದಿ ತುಂಬಿ. ಸಂಖ್ಯೆ ತುಂಬಿ ಜಿಪಿಎಸ್ ಜೋಡಿಸದೆ ಬಿಟ್ಟರೆ ಅಪಾಯದ ಕೆಂಪು ಗುಂಡಿ ಒತ್ತಿದಾಗ ನಿಮ್ಮ ಗುರುತಿನ ಸಂಖ್ಯೆ ಹೋಗುತ್ತದೆ, ಜಾಗ ಹೋಗುವುದಿಲ್ಲ.

ಪ್ರಶ್ನೆ: ಎರಡು ನಾಡದೋಣಿ, ದಡ ಕಾಣುವಷ್ಟು ದೂರದಲ್ಲೇ ಮೀನು ಹಿಡಿಯುತ್ತೇವೆ. ಲೈಸೆನ್ಸ್ ಇಲ್ಲದ್ದು ಯಾವುದೂ ಇಲ್ಲವೇ? (ಹೊನ್ನಾವರ)

ಉತ್ತರ: ಇದೆ. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳಿಗೆ 2018ರ ನಿಯಮದಂತೆ ಲೈಸೆನ್ಸ್ ವಿನಾಯಿತಿ ಇದೆ. ಪೆಟ್ಟಿಗೆಯ ಮೇಲೆ ಈ ಅಂಕಿಯೇ ಇರಬೇಕು. ದೋಣಿಯಲ್ಲಿ ಕೂತು ಒಂದೆರಡು ಕಿಲೋಮೀಟರಿಗೆ ನಂಬಬಹುದು. ಆದರೆ ದೋಣಿ ಮಗುಚಿದರೆ ಅದರಲ್ಲಿ ನಿಮ್ಮ ಕೂಗು ಕೇಳುವವರು ನಿಮ್ಮ ಜೊತೆಗಾರರು ಮಾತ್ರ. ಕೋಸ್ಟ್ ಗಾರ್ಡ್ ಆಗಲಿ ಹಡಗುಗಳಾಗಲಿ ಅಲ್ಲಿ ಕಿವಿಗೊಟ್ಟಿರುವುದಿಲ್ಲ. ಫೋನನ್ನು ನೀರು ಹೋಗದ ಚೀಲದಲ್ಲಿ ಕೊರಳಿಗೆ ಹಾಕಿಕೊಂಡಿರಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ಪ್ರಶ್ನೆ: ಗಲ್ಫಿನಿಂದ ಬಂದ ನೆಂಟರು ಸ್ಯಾಟಲೈಟ್ ಫೋನ್ ಕೊಟ್ಟಿದ್ದಾರೆ. ಅದಿದ್ದರೆ ವೈರ್‌ಲೆಸ್ ಬೇಡವಲ್ಲ? (ಭಟ್ಕಳ)

ಉತ್ತರ: ಬೋಟಿಗೆ ಒಯ್ಯಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ತುರಾಯಾ, ಇರಿಡಿಯಂ ಫೋನ್ ಇಟ್ಟುಕೊಳ್ಳುವುದೇ ನಮ್ಮ ದೇಶದಲ್ಲಿ ನಿಷಿದ್ಧ, ಸಿಕ್ಕಿಬಿದ್ದರೆ ಬೋಟೂ ನಿಲ್ಲುತ್ತದೆ.

ಪ್ರಶ್ನೆ: ಸರ್ಕಾರ ಕೊಡುವ ಟ್ರಾನ್ಸ್‌ಪಾಂಡರ್ ಬಂದ ಮೇಲೂ ವಿಎಚ್‌ಎಫ್ ಬೇಕೇ? (ಅಮದಳ್ಳಿ)

ಉತ್ತರ: ಬೇಕು, ಎರಡರ ಕೆಲಸ ಬೇರೆ. ಮತ್ಸ್ಯ ಸಂಪದ ಯೋಜನೆಯಡಿ 1 ಲಕ್ಷ ಬೋಟುಗಳಿಗೆ ಉಚಿತವಾಗಿ ಕೊಡುವ, 2024ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಈ ಸಾಧನ ಇಸ್ರೊ ತಂತ್ರಜ್ಞಾನದ್ದು. ಉಪಗ್ರಹದ ಮೂಲಕ ಚುಟುಕು ಸಂದೇಶವನ್ನು ಎರಡೂ ಕಡೆಗೆ ಒಯ್ಯುತ್ತದೆ, ಫೋನಿನ ಆ್ಯಪ್‌ನಲ್ಲಿ ಓದಬಹುದು. ವಿಎಚ್‌ಎಫ್ ಮುಟ್ಟದ ದೂರಕ್ಕೂ ಹವಾಮಾನದ ಎಚ್ಚರಿಕೆ ತಲುಪುತ್ತದೆ. ಆದರೆ ಅದರಲ್ಲಿ ಮಾತಾಡಲಾಗದು. ನಿಮ್ಮ ಬಲೆಯ ಕಡೆಗೆ ನುಗ್ಗಿ ಬರುತ್ತಿರುವ ಹಡಗಿನವರನ್ನು ತಡೆಯಲು 16ನೇ ಚಾನೆಲ್ಲೇ ಬೇಕು.

ಪ್ರಶ್ನೆ: ಅಪಾಯದಲ್ಲಿ ವೈರ್‌ಲೆಸ್‌ನಲ್ಲಿ ಏನು ಹೇಳಬೇಕು? ಬೋಟು ನಡೆಸುವ ತಾಂಡೇಲರಿಗೆ ಬಿಟ್ಟರೆ ನಮ್ಮ ಖಲಾಸಿಗಳಿಗೆ (ಬೋಟಿನ ಕೆಲಸಗಾರರಿಗೆ) ಗೊತ್ತಿಲ್ಲ. (ತದಡಿ)

ಉತ್ತರ: ಒಂದು ಕಾಗದದಲ್ಲಿ ಬರೆದು ಪ್ಲಾಸ್ಟಿಕ್ ಹಾಕಿಸಿ ಸೆಟ್ಟಿನ ಪಕ್ಕ ಅಂಟಿಸಿ. 16ನೇ ಚಾನೆಲ್, 25 ವಾಟ್. ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು “ಮೇಡೇ, ಮೇಡೇ, ಮೇಡೇ” ಎನ್ನಬೇಕು. ಬೋಟಿನ ಹೆಸರು ಮೂರು ಸಲ, ನೋಂದಣಿ ಸಂಖ್ಯೆ ಒಮ್ಮೆ. ನಂತರ ಜಿಪಿಎಸ್‌ನಲ್ಲಿ ಕಾಣುವ ಜಾಗ, ಏನಾಗಿದೆ, ಎಷ್ಟು ಜನ ಇದ್ದೀರಿ. ಗುಂಡಿ ಬಿಟ್ಟು ಕೇಳಿ. ಉತ್ತರ ಬರದಿದ್ದರೆ ಮತ್ತೆ ಅದೇ. ಹಡಗಿನಲ್ಲಿ ಕನ್ನಡ, ಕೊಂಕಣಿ ಬಲ್ಲವರು ಇಲ್ಲದಿರಬಹುದು, ಅಂಕಿಗಳನ್ನು ಇಂಗ್ಲಿಷಿನಲ್ಲಿ ಒಂದೊಂದಾಗಿ ಹೇಳಿ.

ಜಾಗ ಹೇಳುವಲ್ಲಿ ಆಗುವ ತಪ್ಪು ಒಂದಿದೆ. ಜಿಪಿಎಸ್ 14 ಡಿಗ್ರಿ 40.50 ಮಿನಿಟ್ ಎಂದು ತೋರಿಸಿದರೆ ಅದನ್ನು 40 ಮಿನಿಟ್ 50 ಸೆಕೆಂಡ್ ಎಂದು ಓದಬಾರದು. ಅದು ನಿಜಕ್ಕೂ 40 ಮಿನಿಟ್ 30 ಸೆಕೆಂಡ್. ಈ ಒಂದು ವ್ಯತ್ಯಾಸಕ್ಕೆ ಜಾಗ 600 ಮೀಟರಿಗೂ ಹೆಚ್ಚು ಆಚೀಚೆಯಾಗುತ್ತದೆ. ನಡುವೆ “ಪಾಯಿಂಟ್” ಎಂದು ಹೇಳುವುದನ್ನು ರೂಢಿ ಮಾಡಿಸಿ.

ಪ್ರಶ್ನೆ: ಕೈ ಸೆಟ್ಟಿನ ಬ್ಯಾಟರಿ 10 ಗಂಟೆ ಬರುತ್ತದೆ ಎಂದು ಬರೆದಿದೆ, ಅರ್ಧ ದಿನವೂ ಬರುವುದಿಲ್ಲ. ನೀರು ತಡೆಯುತ್ತದೆ ಎಂದಿದ್ದರೂ ಒಳಗೆ ತುಕ್ಕು ಬಂದಿದೆ. (ಬೈತಖೋಲ)

ಉತ್ತರ: ಕಂಪನಿಗಳು ಲೆಕ್ಕ ಹಾಕುವುದು ನೂರರಲ್ಲಿ 5 ಪಾಲು ಮಾತು, 5 ಪಾಲು ಕೇಳುವುದು, 90 ಪಾಲು ಸುಮ್ಮನಿರುವುದು ಎಂದು. ಬಲೆ ಸುತ್ತುವ ಹೊತ್ತಿನಲ್ಲಿ ಅಷ್ಟು ಸುಮ್ಮನಿರುವ ತಾಂಡೇಲ ಎಲ್ಲಿದ್ದಾರೆ? 5 ವಾಟಿನಲ್ಲಿ ಸೆಟ್ ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತದೆ, 1500 ಎಂಎಎಚ್ ಬ್ಯಾಟರಿಗೆ ಅದು ಒಂದು ಗಂಟೆಯ ಮಾತು. 1 ವಾಟಿಗೆ ಇಳಿಸಿ, ಇನ್ನೊಂದು ಬ್ಯಾಟರಿ ಒಣ ಡಬ್ಬಿಯಲ್ಲಿ ಇಟ್ಟಿರಿ. ಗದ್ದಲ ತಡೆಯುವ ಸ್ಕ್ವೆಲ್ಚ್ ಪೂರ್ತಿ ತೆರೆದಿಟ್ಟರೂ ಸ್ಪೀಕರ್ ಸದಾ ಭೋರ್ಗರೆದು ಬ್ಯಾಟರಿ ತಿನ್ನುತ್ತದೆ. ಗದ್ದಲ ನಿಂತ ಜಾಗದಲ್ಲೇ ಬಿಡಿ, ಅದಕ್ಕಿಂತ ಬಿಗಿ ಮಾಡಿದರೆ ದೂರದವರ ದನಿಯೂ ನಿಲ್ಲುತ್ತದೆ.

ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಅದು ಸಿಹಿನೀರಿನ, ಹೊಸ ಸೆಟ್ಟಿನ ಪರೀಕ್ಷೆ. ಚಾರ್ಜರ್ ಮತ್ತು ಮೈಕ್ ಕಿಂಡಿಯ ರಬ್ಬರ್ ಮುಚ್ಚಳ ಸರಿಯಾಗಿ ಕೂತಿರದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ದಿನಾ ದಡಕ್ಕೆ ಬಂದ ಮೇಲೆ ಮುಚ್ಚಳ ಭದ್ರವಿದೆಯೇ ನೋಡಿ ಸಿಹಿನೀರಿನಲ್ಲಿ ತೊಳೆಯಿರಿ, ಒರೆಸಿ, ಆಮೇಲೆ ಬ್ಯಾಟರಿ ತೆಗೆಯಿರಿ. ಒದ್ದೆ ಇರುವಾಗ ಚಾರ್ಜಿಗೆ ಇಟ್ಟರೆ ಹಿತ್ತಾಳೆ ಮೊನೆಗಳು ಒಂದೇ ವಾರದಲ್ಲಿ ಹಸಿರಾಗುತ್ತವೆ. ಬ್ಯಾಟರಿ ಕೂರುವ ಅಂಚಿನ ರಬ್ಬರ್ ಉಂಗುರಕ್ಕೆ ಮೀನಿನ ಹುರುಪೆ, ಮರಳು ಅಂಟಿದ್ದರೆ ಬಟ್ಟೆಯಲ್ಲಿ ಒರೆಸಿ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ. ಸೀಳಿದ್ದರೆ ಹೊಸದು ಹಾಕಿಸಿ, ಗಮ್ ಹಚ್ಚಬೇಡಿ.